ಅಕ್ಕೋರ ಉಣ್ಣೆ ಕಾಲುಚೀಲ

ಮಹಾಂತೇಶ ನಗರದ ಕಾಯಿಪಲ್ಲೆ ಸಾಲಿನಲ್ಲಿ, ಬೆಳಗಾವಿಯ ಚಳಿ ಇನ್ನೂ ಸರಿಯಾಗಿ ಬೀಳುವ ಮೊದಲೇ, ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬರುತ್ತಿದ್ದವರು ನಮ್ಮ ಅಕ್ಕೋರು ಒಬ್ಬರೇ. ಬೂದಿ ಬಣ್ಣದ ಕಾಲುಚೀಲ, ಹಿಮ್ಮಡಿಯ ಮೇಲೊಂದು ಕೆಂಪು ಪಟ್ಟಿ. ಕೆಳಗೆ ಹೆಬ್ಬೆರಳಿಗೆ ಬಾರು ಇರುವ ಚಪ್ಪಲಿ. ಕಾಲುಚೀಲ ಹೆಣೆದವರಿಗೆ ಇಂಥ ಚಪ್ಪಲಿಯ ಕಲ್ಪನೆಯೇ ಇರಲಿಲ್ಲವಾದ್ದರಿಂದ ಉಣ್ಣೆಯೆಲ್ಲ ಬೆರಳ ಸಂದಿಗೆ ಸೇರಿ ಮುದ್ದೆಯಾಗಿ, ಅಕ್ಕೋರು ನಡೆಯುವಾಗ ಸ್ವಲ್ಪ ವಾಲುತ್ತಿದ್ದರು.

ಮೆಂತ್ಯಪಲ್ಲೆ ಮಾರುವಾಕೆ ಒಮ್ಮೆ ನನ್ನೆದುರೇ ಕೇಳಿದಳು: "ಅಕ್ಕೋರ, ಕಾಲಿಗೇನ ಆಗೇತ್ರಿ?"

"ಏನೂ ಆಗಿಲ್ಲವಾ. ಒಬ್ಬಾಕಿ ಹಾಕಿ ಕಳಸ್ಯಾಳ."

"ಮಗಳೇನ್ರಿ?"

"ಅಲ್ಲ. ಗುರುತಿನಾಕಿ. ಭಾಳ ದೂರ ಇರತಾಳ," ಎಂದು ಸೊಪ್ಪಿನ ಸಿವುಡು ಚೀಲಕ್ಕೆ ಹಾಕಿಕೊಂಡು ನಡೆದರು. ಆ "ಗುರುತಿನಾಕಿ"ಯ ಹೆಸರು ಅವರಿಗೆ ಗೊತ್ತಿರಲಿಲ್ಲ. ಅವಳಿಗೂ ಇವರ ಹೆಸರು ಗೊತ್ತಿರಲಿಲ್ಲ.

ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ, ಅಷ್ಟು ಸಾಕು. ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅವರ ತಾಯಿ ಒಬ್ಬರೇ. ಆ ತಾಯಿ ತೀರಿಹೋದ ಮೇಲೆ ಆ ಹೆಸರು ಬ್ಯಾಂಕಿನಲ್ಲಿ, ಪಿಂಚಣಿ ಕಚೇರಿಯಲ್ಲಿ ಮಾತ್ರ ಉಳಿಯಿತು. ಈ ಯುಗಾದಿ ಕಳೆದ ಕೆಲವೇ ದಿನಗಳಲ್ಲಿ ಅಕ್ಕೋರೂ ಹೋದರು. ಅಂದಿನಿಂದ ಪಕ್ಕದ ಮನೆಯ ಕಡೆ ನೋಡುವುದಕ್ಕೇ ನನಗೆ ಬೇಸರ.

ನಾನು ಖಾನಾಪುರದ ಹೈಸ್ಕೂಲಿನಲ್ಲಿ ಅವರ ಕೈಕೆಳಗೆ ಭೂಗೋಳ ಕಲಿತವಳು. ವರ್ಗದಲ್ಲಿ ಅರ್ಧ ಮಕ್ಕಳದು ಮನೆಮಾತು ಮರಾಠಿ, ಅರ್ಧ ಮಕ್ಕಳದು ಕನ್ನಡ. ಅಕ್ಕೋರು ಒಂದೇ ಉಸಿರಿನಲ್ಲಿ "ಗುಡ್ಡ ಅಂದ್ರೂ ಅದ, ಡೋಂಗರ ಅಂದ್ರೂ ಅದ, ಹತ್ತಾಕ ಹೋದ್ರ ದಮ್ಮ ಒಂದ ಬರತೈತಿ" ಎಂದು ಇಬ್ಬರನ್ನೂ ಸಮಾಧಾನಪಡಿಸುತ್ತಿದ್ದರು. ಕೈಯಲ್ಲೊಂದು ಬೆತ್ತ ಇರುತ್ತಿತ್ತು. ಅದು ನಕಾಶೆಯ ಮೈ ಬಿಟ್ಟು ಬೇರೆ ಯಾರ ಮೈ ಮುಟ್ಟಿದ್ದನ್ನೂ ನಾನು ಕಾಣೆ. ಆ ನಕಾಶೆಯ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಬೆತ್ತ ಅಲ್ಲಿಗೆ ಬಂದಾಗ, "ಇದು ಗೆದ್ದಲ ತಿಂದ ದೇಶ. ತಿಂದ್ರೇನಾತು, ಪರೀಕ್ಷಾಕ್ಕ ಬರತೈತಿ, ಬರಕೋರಿ," ಎನ್ನುತ್ತಿದ್ದರು.

ಒಂದು ದಿನ ನಾನೇ ಎದ್ದುನಿಂತು ಕೇಳಿದ್ದೆ: "ಅಕ್ಕೋರ, ಇಷ್ಟ ಸಮುದ್ರ ಹೇಳತೀರಿ, ನೀವು ಖರೇ ಸಮುದ್ರ ನೋಡೀರೇನ್ರಿ?"

ಅವರು ಬೆತ್ತ ಕೆಳಗಿಳಿಸಿ ಯೋಚಿಸಿದರು. "ಗೋವಾದಾಗ ಒಂದ ಸಲ ನೋಡೇನಿ. ಉಳಕಿದ್ದೂ ಹಂಗ ಇರತಾವಂತ ನಂಬೇನಿ."

ವರ್ಗವೆಲ್ಲ ನಕ್ಕಿತು. ಅವರೂ ನಕ್ಕರು. ಜಗತ್ತನ್ನೆಲ್ಲ ಬೆತ್ತದ ತುದಿಯಲ್ಲಿ ಮುಟ್ಟಿದ ಅವರು ನಿವೃತ್ತರಾಗುವವರೆಗೆ ರೈಲಿನಲ್ಲಿ ಹೋದದ್ದು ಹೆಚ್ಚೆಂದರೆ ಪುಣೆಯ ತನಕ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಟಿಳಕವಾಡಿಯ ಬಾಡಿಗೆ ಮನೆಯಿಂದ ದಿನವೂ ರೈಲಿನಲ್ಲಿ ಖಾನಾಪುರಕ್ಕೆ, ಸಂಜೆ ಮತ್ತೆ ತಾಯಿಯ ಬಳಿಗೆ. ಮದುವೆಯ ಮಾತು ಬಂದಾಗಲೆಲ್ಲ ತಾಯಿಗೆ ಜ್ವರ ಬರುತ್ತಿತ್ತಂತೆ. "ಪಾಪ, ಬೇಕಂತ ಬರಸಕೊಳ್ಳತಿರಲಿಲ್ಲ, ಖರೇನ ಬರತಿತ್ತು. ಥರ್ಮಾಮೀಟರ್ ಇಟ್ಟ ನೋಡೇನಿ," ಎಂದು ಅವರೇ ನಗುತ್ತ ಹೇಳುತ್ತಿದ್ದರು. ಆ ನಗುವಿನಲ್ಲಿ ಸಿಟ್ಟು ಇರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ನಾನು ವಿದ್ಯುತ್ ಕಚೇರಿಯಲ್ಲಿ ನೌಕರಿ ಹಿಡಿದು, ಮಹಾಂತೇಶ ನಗರದಲ್ಲಿ ಮನೆ ಕಟ್ಟಿಸಿ, ಕೆಲವು ವರ್ಷ ಕಳೆದ ಮೇಲೆ ಪಕ್ಕದ ಸಣ್ಣ ಮನೆಗೆ ವಾಸಕ್ಕೆ ಬಂದವರು ಯಾರೆಂದು ನೋಡಿದರೆ ಅಕ್ಕೋರು. ತಾಯಿ ಆಗಲೇ ತೀರಿಹೋಗಿದ್ದರು. ನನ್ನನ್ನು ಗುರುತಿಸಿ, "ಸಮುದ್ರ ನೋಡೀರೇನ್ರಿ ಅಂತ ಕೇಳಿದ ಹುಡುಗಿ ಅಲ್ಲೇನ ನೀ?" ಎಂದರು. ಹುಡುಗಿಗೆ ಅಷ್ಟರಲ್ಲಿ ತಲೆ ನರೆತಿತ್ತು.

ನಮ್ಮದು ತುಂಬಿದ ಮನೆ. ಗಂಡ, ಮಗ, ಸೊಸೆ, ಕುಕ್ಕರಿನ ಸೀಟಿ, ಟೀವಿಯ ಗದ್ದಲ. ಅವರ ಮನೆಯಲ್ಲಿ ಬೆಳಗ್ಗೆ ಇಷ್ಟಲಿಂಗ ಪೂಜೆಯ ಸಣ್ಣ ಗಂಟೆಯ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಆದರೆ ಒಂದು ವಿಚಿತ್ರ ರೂಢಿ ಇತ್ತು. ಹೊರಗಿನಿಂದ ಬಂದು ಬಾಗಿಲ ಕೀಲಿ ತೆಗೆದ ಕೂಡಲೇ ಅಕ್ಕೋರು ಖಾಲಿ ಮನೆಯೊಳಗೆ ಮುಖ ಹಾಕಿ "ಬಂದ್ನಿ" ಎನ್ನುತ್ತಿದ್ದರು. ದೊಡ್ಡ ದನಿಯಲ್ಲೇನಲ್ಲ. ತಾಯಿಗೆ ಹೇಳಿ ಹೇಳಿ ಬಿದ್ದ ರೂಢಿ ಇರಬೇಕು. ಕಾಂಪೌಂಡಿನ ಈಚೆ ಬಟ್ಟೆ ಒಣಹಾಕುತ್ತಿದ್ದ ನನಗೆ ಅದು ಕೇಳಿದಾಗಲೆಲ್ಲ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಲ್ಲುತ್ತಿತ್ತು. ಒಮ್ಮೆ ನಾನು ಕೇಳಿಸಿಕೊಂಡದ್ದು ಅವರಿಗೆ ತಿಳಿದುಹೋಯಿತು. ಮುಚ್ಚಿಡಲಿಲ್ಲ.

"ಊರಿಗೆ ಹೋದ್ರ ಹಾದಿ ನೋಡೂವರು ಒಬ್ಬರರ ಇರಬೇಕ ತಂಗಿ. ಇಲ್ಲಂದ್ರ ಹೋಗೂದೂ ಬರೂದೂ ಎರಡೂ ಒಂದ ಆಗತಾವ," ಎಂದರು.

ಇಂಥವರು ಆರ್ಮೇನಿಯಾಕ್ಕೆ ಹೋದದ್ದು ಒಂದು ಕಾಮಾಲೆಯ ದೆಸೆಯಿಂದ. ಸದಾಶಿವನಗರದಲ್ಲಿದ್ದ ಅವರ ತಮ್ಮನ ಮಗಳು ಅಲ್ಲಿನ ರಾಜಧಾನಿ ಯೆರೆವಾನಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ನಮ್ಮ ಕಡೆಯ ಎಷ್ಟೋ ಮಕ್ಕಳು ಅಲ್ಲಿ ಓದುತ್ತಾರೆ. ಹುಡುಗಿಗೆ ಕಾಮಾಲೆಯಾಯಿತು, ಪಥ್ಯದ ಅಡುಗೆ ಮಾಡಿಹಾಕಲು ಯಾರಾದರೂ ಬೇಕಾಯಿತು. ತಮ್ಮನಿಗೆ ರಜೆ ಇಲ್ಲ, ತಮ್ಮನ ಹೆಂಡತಿಗೆ ಮೊಣಕಾಲಿನ ಆಪರೇಶನ್. ಎಲ್ಲರಿಗೂ ಒಮ್ಮೆಲೇ ಅಕ್ಕನ ನೆನಪಾಯಿತು. ಸಂಸಾರ ಇಲ್ಲದವರ ಕೈ ಸದಾ ಖಾಲಿ ಇರುತ್ತದೆ ಎಂದು ಸಂಸಾರ ಇದ್ದವರು ನಂಬಿರುತ್ತಾರಲ್ಲ. ಅಕ್ಕೋರು ಮಾತ್ರ ಅದನ್ನು ತಪ್ಪು ತಿಳಿಯಲಿಲ್ಲ. ಚೀಲದಲ್ಲಿ ಜೋಳದ ಹಿಟ್ಟು, ಕರದಂಟು, ಒಂದು ವರ್ಷಕ್ಕಾಗುವಷ್ಟು ವಿಭೂತಿ ತುಂಬಿಕೊಂಡು ವಿಮಾನ ಹತ್ತಿದರು.

ಹುಡುಗಿ ಗುಣವಾಗಿ ಪರೀಕ್ಷೆಯ ಓದಿಗೆ ಕುಳಿತಳು. ಅತ್ತೆಗೆ ಬೇರೆ ಕೆಲಸ ಉಳಿಯಲಿಲ್ಲ. ಹುಡುಗಿ ಬಾಡಿಗೆಗಿದ್ದ ಮನೆಯ ಮಾಲಕಿಯ ತಮ್ಮ ದಕ್ಷಿಣದ ಗುಡ್ಡಗಾಡಿನ ಹಳ್ಳಿಗಳಿಗೆ ವ್ಯಾನ್ ಹೊಡೆಯುತ್ತಿದ್ದ. ಅವನ ವ್ಯಾನಿನ ಮುಂದಿನ ಸೀಟಿನಲ್ಲಿ ನಮ್ಮ ಅಕ್ಕೋರು, ಹಣೆಯ ಮೇಲೆ ವಿಭೂತಿ, ಇಳಕಲ್ ಸೀರೆಯ ಮೇಲೆ ಹುಡುಗಿಯ ಕೋಟು, ಹೊರಟೇಬಿಟ್ಟರು. "ಮೂವತ್ತ ವರ್ಷ ಬೆತ್ತ ಹಿಡದ ಆ ದೇಶ ದಾಟಿಸೇನಿ. ಕರಿ ಸಮುದ್ರದಿಂದ ಕ್ಯಾಸ್ಪಿಯನ್‌ಕ್ಕ ಹೋಗೂಮುಂದ ನಡಕ ಸಿಗೂ ಸಣ್ಣ ದೇಶ, ಒಂದ ಸಲಾನೂ ನಿಂತಿಲ್ಲ. ಈ ಸಲ ಇಳದ ನೋಡೂಣು ಅಂತ ಹೋದ್ನಿ," ಎಂದು ಆಮೇಲೆ ಹೇಳಿದರು.

ಇಳಿದು ನೋಡಿದ್ದು ಹಳೆಯ ಇಗರ್ಜಿಗಳನ್ನು, ಪಾಳುಬಿದ್ದ ಮಠಗಳನ್ನು. ಸಾವಿರ ವರ್ಷ ಯಾವಾಗಲೋ ದಾಟಿದ ಕಟ್ಟಡಗಳು. ಕಮರಿಯ ಅಂಚಿನಲ್ಲೊಂದು, ಹೊಳೆಯ ತಿರುವಿನಲ್ಲೊಂದು, ರಸ್ತೆಯೇ ಇಲ್ಲದ ಕಡೆ ಇನ್ನೊಂದು. ಕೆಲವಕ್ಕೆ ಮಾಡಿನ ಮೇಲೆ ಹುಲ್ಲು ಬೆಳೆದಿತ್ತು. ಒಂದು ಮಠದ ಊಟದ ಮನೆಯಲ್ಲಿ ಯಾರೋ ದನ ಕಟ್ಟಿದ್ದರಂತೆ. ಅಂಗಳದ ತುಂಬ ಶಿಲುಬೆ ಕೆತ್ತಿದ ಎತ್ತರದ ಕಲ್ಲುಗಳು ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತಿದ್ದವಂತೆ, ಒಂದರ ಕೆತ್ತನೆಯಂತೆ ಇನ್ನೊಂದರದು ಇಲ್ಲ. ಆ ಇಗರ್ಜಿಗಳ ಆಕಾರ ಹೇಗೆ ಎಂದು ಕೇಳಿದರೆ ಅಕ್ಕೋರು ನನ್ನನ್ನೇ ನೋಡಿ ಹೇಳಿದರು: "ಮಳಿಯಾಗ ಕಂಬಳಿ ಕೊಪ್ಪಿ ಹಾಕ್ಕೊಂಡು ಕುರಿ ಕಾಯಾಕ ಕುಂತಿರ್ತಾರಲ್ಲ ನಿಮ್ಮ ಮಂದಿ, ಹಂಗ. ದುಂಡನ ಮೈ, ಮ್ಯಾಲ ಚೂಪನ ಕೊಪ್ಪಿ. ಅಷ್ಟ ಸುಮ್ಮನ ಕುಂತಿರತೈತಿ ಅದೂ."

ಆ ದಿನದಿಂದ ಆರ್ಮೇನಿಯಾ ಎಂದರೆ ನನಗೆ ಖಾನಾಪುರದ ಮಳೆಯಲ್ಲಿ ಕುಳಿತ ನನ್ನ ಅಜ್ಜನ ಬೆನ್ನು.

ಕಾಲುಚೀಲದ ಕತೆ ನಡೆದದ್ದು ಒಂದು ಸಣ್ಣ ಇಗರ್ಜಿಯಲ್ಲಿ. ಹಳ್ಳಿಯಿಂದ ಏರುಹಾದಿಯಲ್ಲಿ ಹೋಗಬೇಕು. ಏಪ್ರಿಲ್ ತಿಂಗಳು, ಹಿಮ ಆಗಷ್ಟೇ ಕರಗಿ ಕಲ್ಲೆಲ್ಲ ಒದ್ದೆ. ಬಾಗಿಲ ಬಳಿ ಜರ್ದಾಳು ಹಣ್ಣಿನ ಗಿಡವೊಂದು ಬರೀ ಹೂವು ಹೊತ್ತು ನಿಂತಿತ್ತು. ಅಕ್ಕೋರು ಬಾಗಿಲಿಗೆ ಹೋದವರೇ, ಗುಡಿಗೆ ಹೋದಾಗ ಮಾಡುವಂತೆ, ಬೂಟು ಕಳಚಿ ಬದಿಗಿಟ್ಟು ಬರಿಗಾಲಲ್ಲಿ ಒಳಗೆ ನಡೆದರು. ಅಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ದೇವರ ಮನೆಗೆ ಬೂಟು ಮೆಟ್ಟಿಯೇ ಹೋಗುತ್ತಾರೆ. ಒಳಗೆ ಕಸ ಗುಡಿಸುತ್ತಿದ್ದ ಮುದುಕಿಯೊಬ್ಬಳು, ಆ ಇಗರ್ಜಿಯ ಕೀಲಿ ಅವಳ ಬಳಿಯೇ ಇರುವುದಂತೆ, ಮಂಜಿನಂಥ ಕಲ್ಲಿನ ಮೇಲೆ ಬರಿಗಾಲು ಕಂಡು ಗಾಬರಿಯಾದಳು. ಈ ಪರದೇಶಿ ಹೆಂಗಸಿನ ಬೂಟು ಹರಿದಿದೆಯೋ, ಕಾಲಿಗೆ ಗಾಯವಾಗಿದೆಯೋ ಎಂದು ತಿಳಿದಳೋ ಏನೋ. ಕಸಬರಿಗೆ ಬಿಸಾಕಿ ಓಡಿದಳು. ಮನೆಯಿಂದ ಕಾಲುಚೀಲ ತಂದಳು. ಅಕ್ಕೋರನ್ನು ಕಲ್ಲುಕಟ್ಟೆಯ ಮೇಲೆ ಕೂರಿಸಿ, ತಾನು ನೆಲಕ್ಕೆ ಮಂಡಿಯೂರಿ, ಅವರ ಎರಡೂ ಪಾದ ತನ್ನ ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿ ಕಾಲುಚೀಲ ತೊಡಿಸಿದಳು.

"ನಾ ಬ್ಯಾಡ ಬ್ಯಾಡ ಅಂತೇನಿ, ಆಕಿ ಬಿಡವಲ್ಲಳು. ಹಿರೇ ಮನಿಶ್ಯಾಳು ಕಾಲ ಮುಟ್ಟಿದ್ರ ಹೆಂಗಾಗಬ್ಯಾಡ?" ಇದನ್ನು ಹೇಳುವಾಗ ಅಕ್ಕೋರ ಕಣ್ಣು ತುಂಬಿತ್ತು. "ಅವ್ವ ಹೋದ ಮ್ಯಾಲ ನನ್ನ ಮೈ ಯಾರೂ ಮುಟ್ಟಿದ್ದಿಲ್ಲ ತಂಗಿ. ಬಸ್ಸಿನಾಗ ತಿಕ್ಕಿದ್ದ ಬಿಟ್ರ."

ಇಬ್ಬರೂ ಆ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕುಳಿತರಂತೆ. ಭಾಷೆ ಇಲ್ಲ. ಮುದುಕಿ ತೆಳ್ಳಗಿನ ರೊಟ್ಟಿ, ಚೀಸು ತಂದಳು. ಅಕ್ಕೋರು ಕರದಂಟು ಕೊಟ್ಟರು. ಅವಳಿಗೆ ಇದ್ದ ನಾಲ್ಕು ಹಲ್ಲಿಗೆ ಅದು ಜಗ್ಗಲಿಲ್ಲ, ಬಾಯಲ್ಲಿ ಇಟ್ಟುಕೊಂಡೇ ಕುಳಿತಳು. ಆಮೇಲೆ ಅವಳ ಕಣ್ಣು ಅಕ್ಕೋರ ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯ ಮೇಲೆ ಬಿತ್ತು. ಏನು ಎಂದು ಸನ್ನೆ ಮಾಡಿದಳು. ಅಕ್ಕೋರು ಕರಡಿಗೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ತೆರೆದರು. ಅವಳು ತನ್ನ ರವಿಕೆಯೊಳಗಿನ ಶಿಲುಬೆಯ ಮೇಲೆ ಕೈಯಿಟ್ಟಳು. "ಆಕೀನೂ ತಗದ ತೋರಸಲಿಲ್ಲ, ನಾನೂ ತಗೀಲಿಲ್ಲ. ಐತಿ ಅನ್ನೂದು ಇಬ್ಬರಿಗೂ ತಿಳೀತು, ಸಾಕಾತು."

ಹೊರಡುವ ಹೊತ್ತಿಗೆ ಎಡವಟ್ಟಾಯಿತು. ಮುದುಕಿ ಹೂಬಿಟ್ಟ ಗಿಡ ತೋರಿಸಿದಳು, ಬೆರಳು ದುಂಡಗೆ ಮಾಡಿ ಹಣ್ಣು ತೋರಿಸಿದಳು, ಬಾಯಿಗೆ ಕೈ ಒಯ್ದಳು, ಆಮೇಲೆ ಅಕ್ಕೋರ ಎದೆಗೆ ಬೆರಳು ಚುಚ್ಚಿ ಹಾದಿ ತೋರಿಸಿದಳು. ಹಣ್ಣಾಗುವ ಹೊತ್ತಿಗೆ ಮತ್ತೆ ಬಾ ಎಂದು ಕೇಳುತ್ತಿದ್ದಾಳೆ, ಅದರಲ್ಲಿ ಸಂಶಯವಿಲ್ಲ. ಭಾಷೆ ಹೇಗೂ ಇಲ್ಲವೆಂದು ಅಕ್ಕೋರೂ ಸನ್ನೆಯಲ್ಲೇ ಉತ್ತರಿಸಿದರು. ನಾವೆಲ್ಲ ಹೂಂ ಎನ್ನುವಾಗ ಮಾಡುವಂತೆ ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದರು. ಮುದುಕಿಯ ಮುಖ ಇಳಿಯಿತು. ಮತ್ತೆ ಕೇಳಿದಳು. ಅಕ್ಕೋರು ಇನ್ನೂ ಜೋರಾಗಿ ಅಲ್ಲಾಡಿಸಿದರು. ಅಷ್ಟರಲ್ಲಿ ಕೆಳಗೆ ವ್ಯಾನಿನವನು ಹಾರ್ನ್ ಒತ್ತಿದ.

ಯೆರೆವಾನಿಗೆ ಮರಳಿದ ಮೇಲೆ ಹುಡುಗಿ ಹೇಳಿದಳಂತೆ: "ಅತ್ತಿ, ಇಲ್ಲೆ ಹಂಗ ತಲಿ ಅಳ್ಳಾಡಿಸಿದ್ರ ಇಲ್ಲ ಅಂತ ಅರ್ಥ. ಬಾಯಿ ಬಿಟ್ಟ ಹಾಂ ಅಂದಿದ್ರ ಸಾಕಾಗತಿತ್ತು, ಇವರೂ ಹೌದು ಅನ್ನಾಕ ಹಾ ಅಂತಾರ."

ಈ ಒಂದು ತಲೆಯಲ್ಲಾಟ ಅಕ್ಕೋರನ್ನು ಕಾಡಿದಷ್ಟು ಬೇರೇನೂ ಕಾಡಲಿಲ್ಲ. ಬೆಳಗಾವಿಗೆ ಬಂದ ಮೇಲೂ ದಿನಾ ಅದೇ ಮಾತು. "ಬರೂದಿಲ್ಲ ಅಂದ್ಲು ಅಂತ ತಿಳದಾಳೋ, ಬರತಾಳಂತ ತಿಳದಾಳೋ? ಹಣ್ಣಾದಾಗ ಹಾದಿ ನೋಡತಾಳೋ, ಇಲ್ಲೋ?" ಫೋನು ಮಾಡೋಣವೆಂದರೆ ನಂಬರಿಲ್ಲ, ಹೆಸರಿಲ್ಲ. ವ್ಯಾನಿನವನು ಕೆಲಸ ಹುಡುಕಿ ಬೇರೆ ದೇಶಕ್ಕೆ ಹೋಗಿಬಿಟ್ಟಿದ್ದ. ಹೋಗಿಯೇ ನೋಡಬೇಕು, ಬೇರೆ ದಾರಿಯೇ ಇರಲಿಲ್ಲ.

ಅಕ್ಕನ ಬಳಗವೆಂಬ ಓಣಿಯ ಮಹಿಳಾ ಸಂಘದವರು ಪ್ರವಾಸದ ಬಗ್ಗೆ ಮಾತಾಡಲು ಅವರನ್ನು ಕರೆದಿದ್ದರು. ಅಕ್ಕೋರು ನಕಾಶೆಯೊಂದನ್ನು ಕೈಯಿಂದಲೇ ಬರೆದು ಒಯ್ದರು. ಕಮರಿ, ಕಲ್ಲು, ಕಿಟಕಿಯಿಂದ ಬೀಳುವ ಅಂಗೈಯಗಲದ ಬೆಳಕು, ಎಲ್ಲ ಹೇಳಿದರು. ಮುಗಿದ ಮೇಲೆ ಮೊದಲ ಪ್ರಶ್ನೆ: "ಅಲ್ಲೆ ಊಟಕ್ಕ ಏನ ಮಾಡಿದ್ರಿ?" ಎರಡನೆಯದು: "ಎಲ್ಲಾ ಮಾಂಸಾನ ತಿಂತಾರೇನ್ರಿ?" ಮೂರನೆಯದಕ್ಕೆ ಮೊದಲೇ ಉಪ್ಪಿಟ್ಟು ಬಂತು. ಮನೆಗೆ ಬರುವಾಗ ನಕಾಶೆ ಸುರುಳಿ ಸುತ್ತುತ್ತ ನನಗೆ ಹೇಳಿದರು: "ಎಲ್ಲಾರೂ ಕೇಳಿದ್ರು ತಂಗಿ. ಯಾರೂ ನೋಡ್ಲಿಲ್ಲ." ಒಬ್ಬರೇ ಕಂಡದ್ದನ್ನು ಹೊತ್ತು ತಿರುಗುವುದೂ ಒಂದು ಒಂಟಿತನ ಎಂದು ನನಗೆ ಅಂದೇ ತಿಳಿದದ್ದು.

ನಾನು ಅವರಿಗೆ ಹತ್ತಿರವಾದದ್ದು ಮೂಗಿನಿಂದ. ನಮ್ಮದು ಕುರಿ ಕಾಯ್ದ ಮನೆತನ. ನಾನು ಕುರ್ಚಿಯ ಮೇಲೆ ಕುಳಿತೇ ನಿವೃತ್ತಳಾದರೂ ಉಣ್ಣೆ ಕಂಡರೆ ಮೂಗಿಗೆ ಹಿಡಿಯುವ ಚಟ ಹೋಗಿಲ್ಲ. ಒಗೆದು ಕಾಂಪೌಂಡಿನ ಮೇಲೆ ಹಾಕಿದ್ದ ಕಾಲುಚೀಲ ಮೂಸಿ, "ಅಕ್ಕೋರ, ಇದು ಮಿಷನ್ನಿಂದಲ್ಲರಿ. ಕುರಿ ಮೈವಾಸನಿ ಇನ್ನೂ ಐತಿ," ಎಂದೆ. ಅವರ ಮುಖ ಅರಳಿತು. "ಬಾಕಿ ಮಂದೆಲ್ಲಾ ಎಲ್ಲೆ ತಂದ್ರಿ ಅಂತ ಕೇಳಿದ್ರು. ನೀ ಒಬ್ಬಾಕಿ ಮೂಸಿ ನೋಡಿದಿ," ಎಂದು ಒಳಗೆ ಕರೆದು ಚಹಾ ಕೊಟ್ಟರು. ಅಂದಿನಿಂದ ಸಂಜೆಯ ಚಹಾ ಅಲ್ಲಿಯೇ.

ಚಿತ್ರ ತೋರಿಸಿ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಒಂದು ದಿನ ಬಸ್ಸು ಹತ್ತಿಸಿ ಖಾನಾಪುರಕ್ಕೆ, ಅಲ್ಲಿಂದ ನಂದಗಡ ದಾಟಿ ಹಲಸಿಗೆ ಕರೆದೊಯ್ದರು. ಕದಂಬರ ಕಾಲದ ಊರು, ಹಳೆಯ ಗುಡಿಗಳು. ಗುಡಿಯ ತಂಪು ಕತ್ತಲೆಯಲ್ಲಿ ನನ್ನನ್ನು ನಿಲ್ಲಿಸಿ, "ಕಣ್ಣ ಮುಚ್ಚು. ಈ ಕಂಬ ತಗದಬಿಡು. ಮ್ಯಾಲ ಗುಮಟ ಇಡು. ಆ ಮೂಲ್ಯಾಗ ಉಸುಕ ತುಂಬಿದ ತಾಟ, ಅದರಾಗ ಸಣ್ಣ ಮೇಣದಬತ್ತಿ ಹಚ್ಚು. ಆತಿಲ್ಲೋ? ಈಗ ಗ್ವಾಡಿ ಮುಟ್ಟು," ಎಂದರು. ಮುಟ್ಟಿದೆ. ಅವರೂ ಪಕ್ಕದಲ್ಲಿ ನಿಂತು, ಹಸುವಿನ ಬೆನ್ನು ಸವರುವಂತೆ ಕಲ್ಲು ಸವರುತ್ತಿದ್ದರು. "ಕಲ್ಲ ಎಲ್ಲೀದರ ಇರಲಿ, ತಂಪ ಒಂದ," ಎಂದರು.

ಆರ್ಮೇನಿಯಾದವರು ಇಗರ್ಜಿಯಿಂದ ಹೊರಡುವಾಗ ದೇವರಿಗೆ ಬೆನ್ನು ತೋರಿಸುವುದಿಲ್ಲವಂತೆ, ಹಿಂದು ಹಿಂದಕ್ಕೇ ಹೆಜ್ಜೆಯಿಡುತ್ತಾರಂತೆ. ಅಕ್ಕೋರು ಹಲಸಿಯಲ್ಲೂ ಹಾಗೇ ಹೊರಟು, ಹೂವಿನ ಬುಟ್ಟಿ ಹಿಡಿದು ಬರುತ್ತಿದ್ದ ಮರಾಠಿ ಅಜ್ಜಿಯೊಬ್ಬರಿಗೆ ಹಾಯ್ದರು. "ಅಗೋ ಬಾಯಿ, ಪುಢೆ ಬಘಾ ಕಿ!" ಮುಂದೆ ನೋಡಿ ನಡೆಯಬಾರದೇ ಎಂದು ಆಕೆ ಬೈದರು. ಅಕ್ಕೋರು ಚೆಲ್ಲಿದ ಹೂ ಆರಿಸಿಕೊಡುತ್ತ ಮರಾಠಿಯಲ್ಲೇ ಇಡೀ ಕತೆ ಹೇಳಿದರು. ಆ ಅಜ್ಜಿ ಕೇಳಿ ಕೇಳಿ, ಪೂಜೆ ಮುಗಿಸಿ ತಾನೂ ಹಿಂದಕ್ಕೇ ನಡೆಯುತ್ತ ಹೊರಬಂದರು. ಅಷ್ಟು ಖುಷಿಯಾಗಿ ನಾನು ಅಕ್ಕೋರನ್ನು ಕಂಡದ್ದು ಅದೊಂದೇ ಸಲ.

ಆ ವರ್ಷದ ಹಣ್ಣಿನ ಹೊತ್ತಿಗೆ ಹೋಗಲಾಗಲಿಲ್ಲ. ಮಾರನೆಯ ವರ್ಷದ ಜೂನಿಗೆ ಹೋಗುವುದೆಂದು ನಿಶ್ಚಯವಾಯಿತು, ಜೊತೆಗೆ ನಾನು. ನನ್ನ ಗಂಡ ನಕ್ಕಿದ್ದೇ ನಕ್ಕಿದ್ದು. "ಅಕ್ಕೋರ ಸಂಗಾಟ ನೀನೂ ಸಾಕ್ಸ್ ಹಾಕ್ಕೊಂಡು ಹೊಂಟೀ? ಇನ್ನ ನಮ್ಮ ಮನ್ಯಾಗೂ ಹಿಂದ ಹಿಂದ ನಡಿಯೂದ ಏನ?" ಎಂದರು. ನಾನು ಪಾಸ್‌ಪೋರ್ಟ್ ಮಾಡಿಸಿದೆ, ಇಬ್ಬರಿಗೂ ಟಿಕೀಟು ತೆಗೆಸಿದೆವು. ಮುದುಕಿಗೆ ಕೊಡಲು ಏನು ಒಯ್ಯುವುದೆಂದು ಅಕ್ಕೋರು ತಿಂಗಳುಗಟ್ಟಲೆ ಯೋಚಿಸಿ ಕೊನೆಗೆ ನನ್ನನ್ನೇ ಕೇಳಿದರು: "ನಿಮ್ಮ ಕಾಕಾನ ಕಡೆ ಕಂಬಳಿ ಸಿಗತೈತೇನು? ಉಣ್ಣಿಗೆ ಉಣ್ಣೀನ ಕೊಡೂಣು." ಕಾಕಾನ ಮನೆಯವರು ಹುಣಸೆ ಬೀಜದ ಗಂಜಿ ಹಾಕಿ ಬಿಗಿಮಾಡಿದ ಕರಿ ಕಂಬಳಿ ಕಳಿಸಿದರು. ಅಕ್ಕೋರು ಅದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯೆದುರು ನಿಂತು, ಈ ಬಾರಿ ಮರೆಯಬಾರದೆಂದು, ತಲೆಯನ್ನು ಮೇಲೆ ಕೆಳಗೆ ಆಡಿಸಿ "ಹಾಂ" ಎನ್ನುವುದನ್ನು ಅಭ್ಯಾಸ ಮಾಡಿದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಏಪ್ರಿಲಿನ ಒಂದು ಬೆಳಗ್ಗೆ ಪೂಜೆಯ ಗಂಟೆ ಕೇಳಲಿಲ್ಲ. ನನ್ನ ಬಳಿ ಇದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು ಹೋದೆ. ಕುರ್ಚಿಯಲ್ಲಿ ಕುಳಿತೇ ಇದ್ದರು. ಬಿಸಿಲುಗಾಲದಲ್ಲೂ ಕಾಲಲ್ಲಿ ಕಾಲುಚೀಲ ಇತ್ತು. ಮೈ ತಣ್ಣಗಾಗಿತ್ತು. ಡಾಕ್ಟರು ಹೃದಯಾಘಾತ ಎಂದರು. ನನಗೆ ಅವರ ಪಾದ ಹಿಡಿದು ತಿಕ್ಕಬೇಕೆನ್ನಿಸಿತು. ತಿಕ್ಕಿದೆ.

ಅವರ ಧರ್ಮದಂತೆ ಕೂರಿಸಿ ಮಣ್ಣು ಮಾಡಿದರು. ಬಂದ ಮಂದಿ ಬಹಳ ಇರಲಿಲ್ಲ. ಖಾನಾಪುರದಿಂದ ನಾಲ್ಕಾರು ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಮಣ್ಣು ಮುಚ್ಚಿದ ಮೇಲೆ ಹಿರಿಯರೊಬ್ಬರು, "ನಡೀರಿನ್ನ, ಯಾರೂ ಹಿಂದ ಹೊಳ್ಳಿ ನೋಡಬ್ಯಾಡ್ರಿ," ಎಂದರು. ಎಲ್ಲರೂ ಬೆನ್ನು ತಿರುಗಿಸಿ ನಡೆದರು. ನಾನು ಮಾತ್ರ ಗೇಟಿನವರೆಗೆ ಹಿಂದು ಹಿಂದಕ್ಕೇ ಹೆಜ್ಜೆಯಿಟ್ಟೆ. ಹೊಳ್ಳಿ ನೋಡಿದಂತಾಗಲಿಲ್ಲ, ಬೆನ್ನು ತೋರಿಸಿದಂತೆಯೂ ಆಗಲಿಲ್ಲ.

ಅಕ್ಕೋರ ತಮ್ಮ ಮನೆ ಖಾಲಿಮಾಡಲು ಬಂದಾಗ ಕಂಬಳಿ ಎತ್ತಿ ಹಿಡಿದು, "ಇದು ನಿಮ್ಮದಲ್ರೀ? ತಗೊಂಡ ಹೋಗ್ರಿ. ಟಿಕೀಟನೂ ವಾಪಸ್ ಮಾಡಿಬಿಡ್ರಿ, ಇನ್ಯಾಕ," ಎಂದರು. ಪಾಪ, ಅವರ ಕಣ್ಣೂ ಕೆಂಪಾಗಿತ್ತು. ಕಂಬಳಿ ತಂದು ನಮ್ಮ ಕಾಟಿನ ಮೇಲಿಟ್ಟೆ. ಎರಡು ದಿನ ಅ‌ದು ಅಲ್ಲೇ ಇತ್ತು. ಮೂರನೆಯ ದಿನ ನನ್ನ ಗಂಡ, ಅಷ್ಟು ನಕ್ಕಿದ್ದ ಮನುಷ್ಯ, ಪೇಪರಿನಿಂದ ಮುಖ ಎತ್ತದೆ ಹೇಳಿದರು: "ಹೋಗಿ ಬಾ. ಆ ಮುದುಕಿ ಖರೇನ ಹಾದಿ ನೋಡಾಕತ್ತಿದ್ರ?"

ಖಾನಾಪುರದಲ್ಲಿ ಮಳೆ ಹಿಡಿದ ವಾರ ನಾನು ಹೊರಟೆ. ಯೆರೆವಾನಿನಿಂದ ಹುಡುಗಿ ಜೊತೆಗೆ ಬಂದಳು. ಅವಳಿಗೆ ಆ ಭಾಷೆ ಚೆನ್ನಾಗಿ ಬರುತ್ತದೆ. ಅಕ್ಕೋರು ಕೈಯಿಂದ ಬರೆದಿದ್ದ ನಕಾಶೆ ಹಿಡಿದು, ಗುಡ್ಡ ಸುತ್ತಿ, ಕಮರಿ ಇಳಿದು, ಸಂಜೆಗೆ ಮುಂಚೆ ಆ ಹಳ್ಳಿ ಮುಟ್ಟಿದೆವು. ಮೇಲೆ ಇಗರ್ಜಿ ಕಾಣಿಸಿತು. ಅಕ್ಕೋರು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಕೊಪ್ಪೆ ಹಾಕಿಕೊಂಡು ಸುಮ್ಮನೆ ಕುಳಿತಿತ್ತು. ಹುಡುಗಿ ಟ್ಯಾಕ್ಸಿಯವನ ಜೊತೆ ಮಾತಾಡುತ್ತ ಹಿಂದುಳಿದಳು. ನಾನು ಕಂಬಳಿಯ ಗಂಟು ಹೊತ್ತು ಏರುಹಾದಿ ಹತ್ತಿದೆ, ದಾರಿಯುದ್ದಕ್ಕೂ ಒಬ್ಬಳೇ ಅತ್ತೆ.

ಬಾಗಿಲ ಬಳಿಯ ಗಿಡದ ತುಂಬ ಹಳದಿ ಹಣ್ಣು. ಕೆಳಗೆ ಕಲ್ಲಿನ ಮೇಲೂ ಬಿದ್ದಿದ್ದವು. ನಾನು ಬೂಟು ಕಳಚಿ ಬದಿಗಿಟ್ಟು ಬರಿಗಾಲಲ್ಲಿ ಒಳಗೆ ಹೆಜ್ಜೆಯಿಟ್ಟೆ. ಹಲಸಿಯದೇ ತಂಪು. ಮೇಣದಬತ್ತಿಯ ತಾಟಿನ ಬಳಿ ಮುದುಕಿಯೊಬ್ಬಳು ಬಗ್ಗಿ ಕಸ ಗುಡಿಸುತ್ತಿದ್ದಳು. ಸದ್ದಿಗೆ ತಿರುಗಿದಳು. ಮೊದಲು ನನ್ನ ಮುಖ ನೋಡಿದಳು, ಗುರುತು ಹತ್ತಲಿಲ್ಲ. ಆಮೇಲೆ ಅವಳ ಕಣ್ಣು ನನ್ನ ಕಾಲ ಮೇಲೆ ಬಿತ್ತು.

ಕಸಬರಿಗೆ ಕೈಬಿಟ್ಟಿತು. ಎರಡೂ ಕೈ ಎದೆಯ ಮೇಲಿಟ್ಟುಕೊಂಡು ಏನೋ ಅಂದಳು, ಇದ್ದಷ್ಟು ಹಲ್ಲು ತೋರಿಸಿ ನಕ್ಕಳು. ನನ್ನ ಹತ್ತಿರ ಬರುತ್ತಾಳೆಂದುಕೊಂಡೆ. ಅವಳು ನನ್ನನ್ನು ದಾಟಿ ಹೊರಗೆ ಓಡಿದಳು. ಗಿಡದ ಬುಡದಲ್ಲಿ ನಿಂತು, ಹಣೆಯ ಮೇಲೆ ಕೈ ಅಡ್ಡ ಹಿಡಿದು, ಕೆಳಗಿನ ಹಾದಿ ನೋಡತೊಡಗಿದಳು.

ಹುಡುಗಿ ಏರಿ ಬರುತ್ತಿದ್ದಳು. ಮುದುಕಿ ಅವಳನ್ನು ಒಮ್ಮೆ ನೋಡಿದಳು, ಆಮೇಲೆ ಅವಳ ಹಿಂದಿನ ತಿರುವಿನ ಕಡೆ ಕಣ್ಣಿಟ್ಟಳು. ನನ್ನ ಕಡೆ ತಿರುಗಿ ಹಣ್ಣು ತುಂಬಿದ ಟೊಂಗೆ ತೋರಿಸಿ, ಹೇಳಿದ್ದೆನಲ್ಲ ಎನ್ನುವಂತೆ ಬೆರಳು ಆಡಿಸಿದಳು. ಮತ್ತೆ ಹಾದಿಯ ಕಡೆ ತಿರುಗಿದಳು.

ಹುಡುಗಿ ಮೇಲೆ ಬಂದು ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಕಣ್ಣೊರೆಸಿಕೊಂಡು, ಆ ಭಾಷೆಯಲ್ಲಿ ಹೇಳಬೇಕಾದ್ದನ್ನು ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದೆ.

"ಈಗ ಹೇಳಬ್ಯಾಡವಾ," ಎಂದೆ. "ಇನ್ನೊಂದೀಟ ಹಾದಿ ನೋಡ್ಲಿ."